ಬೆತ್ತದಷ್ಟು ದೂರ

"ಐದು," ಎಂದಳು ಆಸಿಯಾ, ಗಂಡನ ಕಾಲಿಗೆ ಚೆಂಬಿನ ನೀರು ಸುರಿಯುತ್ತ. ಅದ್ರಾಮ ಬಾವಿಕಟ್ಟೆಗೆ ಕೈಯೂರಿ ಒಂಟಿ ಕಾಲಲ್ಲಿ ನಿಂತಿದ್ದ. ನಾಯಿಯ ಜೊಲ್ಲು ತಾಗಿದ ಕಾಲನ್ನು ಏಳು ಸಲ, ಅದರಲ್ಲೊಂದು ಸಲ ಮಣ್ಣು ಕಲಸಿದ ನೀರಿನಲ್ಲಿ ತೊಳೆಯದೆ ಅವನು ನಮಾಜಿಗೆ ನಿಲ್ಲುವವನಲ್ಲ. ಆ ದಿನ ಇದು ಮೂರನೆಯ ಬಾರಿ.

"ಬಾವಿಯೇ ಬತ್ತಿ ಹೋಗ್ತದೆ ಮಾರಾಯ್ರೆ," ಎಂದು ಅವಳು ನಾಯಿ ಕೊಟ್ಟ ದೇರಣ್ಣನ ಕಡೆ ತಿರುಗಿದಳು. "ಅದೂ ಒಣಮೀನಿನ ಅಂಗಡಿಗೆ ಹೋಗ್ಲಿಕ್ಕೆ ನಾಯಿ! ಕೇಳಿದವರು ನಗುದಿಲ್ವಾ?"

ದೇರಣ್ಣನಿಗೆ ನಗು ಬರಲಿಲ್ಲ. ಹಲಸಿನ ಮರಕ್ಕೆ ಹೊಸ ಹಗ್ಗದಲ್ಲಿ ಕಟ್ಟಿದ್ದ ನಾಯಿ ಬೊಗ್ಗು ಅವನನ್ನೇ ನೋಡುತ್ತಿತ್ತು.

ಎರಡು ವರ್ಷದ ಹಿಂದೆ ಸಿಡುಬು ಅದ್ರಾಮನ ಕಣ್ಣು ಕಿತ್ತುಕೊಂಡಿತ್ತು. ಅಂದಿನಿಂದ ಬೆಳ್ಳಾರೆಯ ಅಂಗಡಿಯಲ್ಲಿ ಕೂರುವವನು ಆಸಿಯಾಳ ತಮ್ಮ. ಮನೆಯಿಂದ ಅಲ್ಲಿಗಿರುವ ಒಂದು ಮೈಲಿಯನ್ನು ತಾನೇ ನಡೆದು, ತನ್ನ ಅಂಗಡಿಯ ಹಲಗೆಯನ್ನು ತಾನೇ ತೆಗೆಯಬೇಕೆಂಬುದೊಂದೇ ಅದ್ರಾಮನ ಆಸೆ. ದೇರಣ್ಣನ ಕುರುಡ ತಂದೆ ಚನಿಯಪ್ಪನನ್ನು ಏಳು ವರ್ಷ ನಡೆಸಿದ ನಾಯಿಯನ್ನು, ಚನಿಯಪ್ಪ ತೀರಿಕೊಂಡ ಮೇಲೆ ಅದ್ರಾಮ ಕೇಳಿ ಪಡೆದಿದ್ದ. ಅದನ್ನು ಹೊಂದಿಸಿಕೊಡಲು ದೇರಣ್ಣ ನಾಲ್ಕು ದಿನದಿಂದ ಬರುತ್ತಿದ್ದ. ಹಗ್ಗದಲ್ಲಿ ಹಿಡಿದರೆ ಬೊಗ್ಗು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ನಿನ್ನೆಯಂತೂ ಅದ್ರಾಮನನ್ನು ಚರಂಡಿಗೆ ಬೀಳಿಸಿತ್ತು.

"ಚನಿಯಪ್ಪಣ್ಣನ ಕೈಯಲ್ಲಿ ಒಂದು ಬೆತ್ತ ಇತ್ತಲ್ಲ?" ಅದ್ರಾಮ ಕೇಳಿದ.

"ಅದು ಚಿತೆಗೆ ಹೋಯ್ತು," ಎಂದ ದೇರಣ್ಣ. ಈ ಸುಳ್ಳನ್ನು ಹೇಳುತ್ತಿರುವುದು ಎರಡನೆಯ ಸಲ.

ಬೆತ್ತ ಮನೆಯ ಅಟ್ಟದಲ್ಲಿತ್ತು. ಮೂರು ಮೊಳದ್ದು, ಒಂದು ತುದಿ ನಾಯಿಯ ಕೊರಳಪಟ್ಟಿಗೆ, ಇನ್ನೊಂದು ಅಪ್ಪನ ಮುಷ್ಟಿಗೆ. ನಾಯಿ ಹತ್ತಿರವೂ ಬರುವಂತಿಲ್ಲ, ದೂರವೂ ಹೋಗುವಂತಿಲ್ಲ. ನಾಯಿ ಕೊಡುವ ದಿನ ತಾಯಿ ಪೂವಮ್ಮ, "ಮಾರ್ದ ದನನ ಹಗ್ಗ ಕೊಡಿಕೆ ಉಟ್ಟಾ? ಬೆತ್ತ ಇಲ್ಲೇ ಇರ್ಲಿ," ಎಂದಿದ್ದಳು. ಮಾರಿದ ದನದ ಜೊತೆ ಹಗ್ಗವನ್ನೂ ಕೊಟ್ಟರೆ ಹಟ್ಟಿಯ ಭಾಗ್ಯವೂ ಹೋಗುತ್ತದೆಂಬ ಇಂಥ ಮಾತಿಗೆ ಸದಾ ನಗುತ್ತಿದ್ದ ದೇರಣ್ಣ ಆ ದಿನ ಮಾತ್ರ ತಕ್ಷಣ ಒಪ್ಪಿಕೊಂಡಿದ್ದ. ಆ ಬೆತ್ತ ಮತ್ತೆ ಪೇಟೆಯಲ್ಲಿ ಕಾಣಿಸಬಾರದು ಎಂದಷ್ಟೇ ಅವನಿಗಿತ್ತು. ಅದನ್ನು ಮಾಡಿದವನು ಅವನೇ. ಅದಕ್ಕೂ ಮೊದಲು ಅವನು ಅಪ್ಪನ ಕೈ ಹಿಡಿದು ಬೆಳ್ಳಾರೆಗೆ ಹೋಗುತ್ತಿದ್ದ. ಅಪ್ಪ ತಡಕಾಡಿ ಚಾ ಗ್ಲಾಸು ಉರುಳಿಸುವಾಗ, ಎದುರಿಗೆ ಬಂದವರ ಮುಖ ಮುಟ್ಟಲು ಕೈ ಚಾಚುವಾಗ, ಅವನ ಕಿವಿ ಸುಡುತ್ತಿತ್ತು.

"ಹೋಗ್ಲಿ ಬಿಡಿ," ಎಂದ ಅದ್ರಾಮ, ಒದ್ದೆ ಕಾಲನ್ನು ಕಲ್ಲಿನ ಮೇಲಿಡುತ್ತ. "ನಿಮ್ಮ ಅಪ್ಪ ಒಮ್ಮೆ ಅಂಗಡಿಯಲ್ಲಿ ಹೇಳಿದ್ರು. ಮಗನಿಗೆ ನನ್ನ ಕೈ ಹಿಡಿದು ನಡಿಲಿಕ್ಕೆ ನಾಚಿಕೆ ಅದ್ರಾಮ, ಆದ್ರೂ ಬಿಟ್ಟುಹಾಕ್ಲಿಲ್ಲ, ಬೆತ್ತ ಮಾಡಿ ಕೊಟ್ಟ ಅಂತ. ಬೇಜಾರಲ್ಲಿ ಅಲ್ಲ ದೇರಣ್ಣ. ನಗಾಡಿಕೊಂಡೇ ಹೇಳಿದ್ದು."

"ಏಳು," ಎಂದಳು ಆಸಿಯಾ.

ಮರುದಿನ ಬೆಳಗ್ಗೆ ದೇರಣ್ಣ ಬೆತ್ತವನ್ನು ತಂದು ಅದ್ರಾಮನ ಕೈಗಿಟ್ಟ. "ಚಿತೆಗೆ ಹಾಕಿದ್ದು ಸುಳ್ಳು," ಎಂದ.

ಆಸಿಯಾ ಏನೋ ಹೇಳಹೊರಟಳು. ಅದ್ರಾಮ ಕೈ ಎತ್ತಿ ತಡೆದ. ಹಿಡಿದು ಹಿಡಿದು ಸವೆದ ತುದಿಯನ್ನು ಹೆಬ್ಬೆರಳಿನಿಂದ ಸವರಿ, "ನಯ ಉಂಟು," ಎಂದಷ್ಟೇ ಹೇಳಿದ.

"ನಾನು ಹಿಂದೆ ಬರ್ತೇನೆ," ಎಂದ ದೇರಣ್ಣ. "ಆದ್ರೆ ಮಾತಾಡುದಿಲ್ಲ. ನನ್ನ ಸ್ವರ ಕೇಳಿದ್ರೆ ನಾಯಿ ನಿಮ್ಮನ್ನು ಬಿಟ್ಟು ತಿರುಗ್ತದೆ."

ಬೆತ್ತ ಸಿಕ್ಕಿಸಿದ್ದೇ ತಡ, ಬೊಗ್ಗು ಬಾಲ ಇಳಿಸಿ ನೆಟ್ಟಗೆ ನಡೆಯಿತು. ಚರಂಡಿ ಬಂದಲ್ಲಿ ನಿಂತಿತು, ಅದ್ರಾಮ ಕಾಲಿನಿಂದ ತಡಕಿ ದಾಟಿದ ಮೇಲೆ ಮುಂದುವರಿಯಿತು. ದೇರಣ್ಣ ಹತ್ತು ಮಾರು ಹಿಂದೆ ಬಂದ.

ಪೇಟೆಯ ಬಾಯಲ್ಲಿ ಡೊಂಬಯ್ಯನ ಚಾ ಅಂಗಡಿ. ಬೆಂಚಿನ ತುಂಬ ಜನ.

"ಹೋ, ಸಾಹೇಬ್ರ ಸವಾರಿ!" ಡೊಂಬಯ್ಯ ಕೂಗಿದ. "ಅದು ಚನಿಯಪ್ಪಣ್ಣನ ಬೆತ್ತ ಅಲ್ವಾ?"

ಬೆಂಚು ನಕ್ಕಿತು. ಅದ್ರಾಮ ಗಲಿಬಿಲಿಗೊಂಡು ನಿಂತ. ದೇರಣ್ಣ ಮಾತಾಡುವುದಿಲ್ಲ ಎಂದದ್ದನ್ನು ಮರೆತು, "ದೇರಣ್ಣಾ? ಇದ್ದೀರಲ್ಲ?" ಎಂದ.

ಬೊಗ್ಗುವಿನ ಒಂದು ಕಿವಿ ಹಿಂದಕ್ಕೆ ಹೊರಳಿತು. ದೇರಣ್ಣ ತುಟಿ ಬಿಗಿದ.

"ಇದ್ದಾನಪ್ಪ ಅಲ್ಲಿ ಹಿಂದೆ," ಎಂದ ಡೊಂಬಯ್ಯ. "ಅಪ್ಪನ ಹಿಂದೆಯೂ ಹೀಗೇ ಬರ್ತಿದ್ದ, ಗುರುತಿಲ್ಲದವನ ಹಾಗೆ."

ಎಲ್ಲರೂ ದೇರಣ್ಣನನ್ನು ನೋಡಿದರು. ಅವನು ನೆಲ ನೋಡುತ್ತ, ಉಸಿರೂ ಕೇಳಿಸದಂತೆ ನಿಂತೇ ಇದ್ದ.

ಅದ್ರಾಮ ಇನ್ನೊಂದು ಗಳಿಗೆ ಕಾದ. ಆಮೇಲೆ ಮುಷ್ಟಿ ಬಿಗಿ ಮಾಡಿ, "ನಡಿ," ಎಂದ. ನಾಯಿಯ ಕಿವಿ ನಿಧಾನಕ್ಕೆ ಮುಂದಕ್ಕೆ ತಿರುಗಿತು.