ಟ್ರಯಲ್ ಫೋಟೊ ಅಂಗಡಿ ದಾಟಿದಾಗ

ನಮ್ಮ ಟೈಲರಕ್ಕನದು ಒಂದು ಪದ್ಧತಿ. ಟ್ರಯಲ್‌ಗೆ ಬಂದವರನ್ನು ಅಂಗಡಿಯ ನೀಲಿ ಪರದೆಯ ಮುಂದೆ ನಿಲ್ಲಿಸಿ ಫೋನಿನಲ್ಲಿ ಫೋಟೊ ತೆಗೆಯುತ್ತಾರೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಆಮೇಲೆ ನೋಡಿ ಸರಿಮಾಡಲು.

ಅವತ್ತು ಪಕ್ಕದ ಮನೆಯ ನರ್ಸಮ್ಮ ಮುಖ ಸಣ್ಣದು ಮಾಡಿಕೊಂಡು ಬಂದರು.

"ಬೇಕರಿಯವರ ಮಗಳು ಸ್ಕೂಲಿಗೇ ಹೋಗ್ತಿಲ್ವಂತೆ ಅಕ್ಕಾ. ಊಟಾನೂ ಬಿಟ್ಟಿದಾಳೆ. ಫೋನಲ್ಲಿ ಅವಳ ಫೋಟೊ ಹಾಕಿ ಆಡ್ಕೊಳ್ತಿದಾರೆ."

"ಹುಡುಗರ ತಮಾಷೆ ಬಿಡ್ರೀ. ನಮ್ಮನ್ನೂ ಅಡ್ಡಹೆಸರಿಟ್ಟು ಕರೀತಿರಲಿಲ್ವಾ?"

"ಆಗ ಮನೆಗೆ ಬಂದ್ರೆ ಮುಗೀತಿತ್ತು. ಈಗ ಅದು ಹಾಸಿಗೆವರೆಗೂ ಬರುತ್ತೆ. ನೋಡಿ."

ನರ್ಸಮ್ಮ ಚಾಚಿದ ಫೋನಿನ ಫೋಟೊದಲ್ಲಿ ಹುಡುಗಿ ಯೂನಿಫಾರ್ಮ್ ಕೋಟಿನ ಗುಂಡಿ ಹಾಕಲು ಒದ್ದಾಡುತ್ತಿದ್ದಳು. ಕೆಳಗೆ 'ಉಬ್ಬಿದ ಬನ್ನು' ಎಂಬ ಬರಹ. ಅದರ ಕೆಳಗೆ ಯಾರೋ 'ಸತ್ತೋಗು' ಎಂದು ಬರೆದಿದ್ದರು. ಟೈಲರಕ್ಕನ ಕಣ್ಣು ಹಿಂದಿನ ನೀಲಿ ಪರದೆಯ ಮೇಲೆ ಬಿತ್ತು. ಅದು ಅವರೇ ತೆಗೆದ ಫೋಟೊ!

ಮಗಳನ್ನು ಕೂಗಿದರು. "ನನ್ನ ಫೋನ್ ಮುಟ್ಟೋದು ನೀನೊಬ್ಳೇ. ಹೇಳು!"

ಮಗಳು ಬಿಳಿಚಿಕೊಂಡಳು. "ಫ್ರೆಂಡ್ಸ್ ಗ್ರೂಪಿಗೆ ಮಾತ್ರ ಹಾಕಿದ್ದೆ ಅಮ್ಮಾ. ಅವರು ಎಲ್ಲಾ ಕಡೆ ಕಳಿಸಿಬಿಟ್ರು. ಸತ್ತೋಗು ಅಂತ ನಾನು ಬರೆದಿಲ್ಲ."

ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ! ಟೈಲರಕ್ಕ ಕೈ ಎತ್ತಿದರು. ನರ್ಸಮ್ಮ ತಡೆದರು.

"ಹೊಡೆದ್ರೆ ನಾಳೆಯಿಂದ ಎಲ್ಲಾ ಮುಚ್ಚಿಡ್ತಾಳೆ. ಮೊದಲು ಬರೆದಿದ್ದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೀರಿ, ಸಾಕ್ಷಿ ಬೇಕು. ಆಮೇಲೆ ರಿಪೋರ್ಟ್ ಮಾಡಿಸಿ, ತೆಗೆಸಿಹಾಕಿ. ಸ್ಕೂಲಿಗೆ ತಿಳಿಸೋಣ. ಇದು ನಿಲ್ಲದಿದ್ರೆ ಪೊಲೀಸರಿದಾರೆ. ಈಗ ಆ ಮಗು ಹತ್ರ ಹೋಗೋಣ, ನಡೀರಿ."

ಮಗಳನ್ನೂ ಕರೆದುಕೊಂಡು ಬೇಕರಿಯವರ ಮನೆಗೆ ಹೋದರು. ಹುಡುಗಿಯ ಕೋಣೆಯ ಬಾಗಿಲು ಮುಚ್ಚಿತ್ತು. ಟೈಲರಕ್ಕ ಮೆಲ್ಲಗೆ ತಟ್ಟಿದರು.

"ಪುಟ್ಟೀ, ಆ ಕೋಟು ನಾನು ಅಳತೆ ತಪ್ಪಿ ಕತ್ತರಿಸಿದ್ದು. ಅದಕ್ಕೇ ಗುಂಡಿ ಕೂಡಲಿಲ್ಲ. ತಪ್ಪು ನನ್ನದು ಕಣಮ್ಮಾ."

ಒಳಗಿನಿಂದ ಸಣ್ಣ ದನಿ ಬಂತು. "ನಿಜವಾಗ್ಲೂ? ನಾನು ಊಟ ಬಿಟ್ಟಿದ್ದು ಆ ಕೋಟು ಹಿಡಿಸ್ಲಿ ಅಂತ."

ಟೈಲರಕ್ಕನ ಮಗಳು ಅಲ್ಲೇ ಕುಸಿದು ಕುಳಿತು ಅತ್ತಳು. "ಕೋಟು ಸರಿ ಇದ್ದಿದ್ರೂ ನಾನು ಹಾಗೆ ಮಾಡಬಾರದಿತ್ತು. ಅದೇ ಗ್ರೂಪಲ್ಲಿ ಎಲ್ಲರ ಮುಂದೆ ತಪ್ಪೊಪ್ಕೋತೀನಿ."

ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಚಿಲಕ ಸರಿಯಿತು.

ಅಪ್ಪ ಅಮ್ಮಂದಿರೇ, ನಿಮ್ಮ ಮಗು ಅಳುತ್ತಿದೆಯೇ ಎಂದು ಮಾತ್ರವಲ್ಲ, ಯಾರನ್ನಾದರೂ ಅಳಿಸುತ್ತಿದೆಯೇ ಎಂದೂ ಕೇಳಿ. ಮಕ್ಕಳೇ, ಇಂಥ ಫೋಟೊ ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ದೊಡ್ಡವರಿಗೆ ತೋರಿಸಿ. ನೀವು ನಕ್ಕು ಮರೆಯುವ ಹೊತ್ತಿಗೆ ಒಂದು ಮಗು ಊಟ ಬಿಟ್ಟಿರುತ್ತದೆ.