ಬಣವೆಯ ಮೇಲಿನ ಟೈರುಗಳು

ಆ ಮುಂಜಾನೆ ಬೈಲಹೊಂಗಲದ ಮೇಲೆ ಆಷಾಢದ ಗಾಳಿ ಬೀಸುತ್ತಿತ್ತು. ಮೋಡವಿತ್ತು, ಹನಿ ಇರಲಿಲ್ಲ. ಬೀರಪ್ಪ ಹಣೆಗೆ ವಿಭೂತಿ ಧರಿಸಿ ಚಿಗವ್ವ ಶಟ್ಟೆವ್ವನ ಹಿತ್ತಲಿಗೆ ಬಂದ. ಮೇವಿನ ಬಣವೆಗೆ ಹೊದಿಸಿದ ತಾಡಪತ್ರಿ ಹಾರದಂತೆ ನಾಲ್ಕು ಟೈರುಗಳು ಅದರ ಮೇಲೆ ಕುಳಿತಿದ್ದವು. ಅವನ ಕರೆಂಟ್ ಕಾರಿನವು. ಮೂರು ತಿಂಗಳ ಹಿಂದೆ ಅವನೇ ತಂದುಕೊಟ್ಟಿದ್ದ.

ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಹೊಡೆದವನಿಗೆ ಕಾರಿನ ಜೊತೆ ಬಂದ ಕಂಪನಿಯ ಟೈರುಗಳು ಸಣಕಲಾಗಿ ಕಂಡಿದ್ದವು. ಅಗಲವಾದವನ್ನು ಹಾಕಿಸಿ, ಎರೆಮಣ್ಣಿನ ಹೊಲಕ್ಕಿಳಿಯುವಾಗ ಮಾಡುವಂತೆ ಗಾಳಿಯನ್ನೂ ಸ್ವಲ್ಪ ಇಳಿಸಿದ್ದ. ಕಾರು ಪೈಲ್ವಾನನಂತೆ ಕಂಡಿತು. ಆದರೆ ಸುರೇಬಾನಕ್ಕೆ ಹೋಗಿ ಬರಲು ಧಾರಾಳವಾಗಿ ಸಾಕಾಗುತ್ತಿದ್ದ ಚಾರ್ಜು ಅಂದಿನಿಂದ ಹೇಗೋ ಮನೆ ಮುಟ್ಟಿಸುತ್ತಿತ್ತು; ಆಷಾಢದ ಗಾಳಿ ಎದುರಾದ ಮೇಲೆ ಸಾಲದಾಯಿತು. ಸೋಮವಾರ ಸಂಜೆ, ಅಲ್ಲಿಯ ಶಾಲೆಯಲ್ಲಿ ಕಲಿಸುವ ಉಮಾಶ್ರೀ ಅಕ್ಕಾರನ್ನು ದಿನದ ಬಾಡಿಗೆಯಂತೆ ಬೈಲಹೊಂಗಲದ ಮನೆಗೆ ಕರೆತರುವಾಗ, ಸವದತ್ತಿ ದಾಟಿ ಕಾರು ನಿಂತೇಬಿಟ್ಟಿತು. ಮನೆಯಲ್ಲಿ ಅವರ ಎಂಟು ತಿಂಗಳ ಕೂಸು ಹಾಲಿಗೆ ಅಳುತ್ತಿತ್ತು.

“ಇನ್ನೊಮ್ಮಿ ಹಿಂಗಾತಂದ್ರ ನಾ ಬ್ಯಾರೆ ಗಾಡಿ ನೋಡತೇನಿ, ಬೀರಪ್ಪಣ್ಣ,” ಎಂದಿದ್ದರು. ಬೈದಿದ್ದರೆ ಅವನ ಮನಸ್ಸು ಹಗುರಾಗುತ್ತಿತ್ತು.

ಪಂಕ್ಚರ್ ಅಂಗಡಿಯ ಮಡಿವಾಳೆಪ್ಪ ಮೊದಲು ಎತ್ತಿನ ಚಕ್ಕಡಿ ಮಾಡುತ್ತಿದ್ದವನು. ನಿನ್ನೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನಕ್ಕಿದ್ದ. “ಗಾದಿ ಹಾಸಿ ಏನಲೇ? ಎರಿಯೊಳಗ ಹುಗೀಬಾರದಂತ ಅಗಲ ಬೇಕು, ಮೆತ್ತಗ ಬೇಕು. ಡಾಂಬರದ ಮ್ಯಾಲೆ ಎದಕ್ಕ? ಗಾಲಿ ನೆಲಾ ತಬ್ಬಿಕೊಂಡಷ್ಟೂ ಎತ್ತಿಗೆ ಭಾರ. ನಿನ್ನ ಎತ್ತು ಅಂದ್ರ ಬ್ಯಾಟರಿ. ಹಗೂರ ಉರುಳೂ ಟೈರ್ ಕೊಟ್ಟಿದ್ರು ಕಂಪನಿಯವ್ರು. ಎಲ್ಲಿ ಒಗದಿ?”

ಎಸೆದಿರಲಿಲ್ಲ. ಇಲ್ಲಿ, ಚಿಗವ್ವನ ಬಣವೆಯ ಮೇಲಿದ್ದವು.

“ಚಿಗವ್ವಾ, ಟೈರ್ ಬೇಕಾಗ್ಯಾವ.”

“ಈ ಗಾಳ್ಯಾಗ? ನಿನ್ನ ಕಾರ್ ಓಡ್ಲಿ ಅಂತ ನನ್ನ ಮೇವು ಹಾರಬೇಕನು?”

“ಇವನ್ನ ಹಾಕಿಸಿಕೊಂಡು ಹಂಗ ಸುರೇಬಾನಕ್ಕ ಓಡಬೇಕು. ಸಂಜಿಕ ಆ ಅಗಲನವು ತಂದು ಹೇರತೇನಿ. ಕೂಸಿನ ಮಾತೈತಿ, ಚಿಗವ್ವಾ.”

ಶಟ್ಟೆವ್ವ ಗಾಳಿಯ ಕಡೆಗೊಮ್ಮೆ ನೋಡಿದಳು. ಒಳಗೆ ಹೋಗಿ ಬೀಸುಕಲ್ಲಿನ ಒಂದು ಕಲ್ಲನ್ನು ಎದೆಗವಚಿಕೊಂಡು ತಂದಳು. “ಇನ್ನೊಂದು ನೀ ತಾ, ಟೈರಿನ ಬದಲಿ ಇವನ್ನ ಹೇರೂಣು. ಇವತ್ತ ನುಚ್ಚು ಒಡಿಯೂದಿತ್ತು. ಇರ್ಲಿ, ನಾಳಿ ಒಡದರಾತು.”

ಮಡಿವಾಳೆಪ್ಪ ಹಳೆಯ ಟೈರು ಕೂಡಿಸಿ, ಕಾರಿನ ಬಾಗಿಲಿಗಂಟಿಸಿದ್ದ ಚೀಟಿ ನೋಡಿ ಅಷ್ಟೇ ಗಾಳಿ ತುಂಬಿದ.

ಸಂಜೆ ಬರುವಾಗ ಕಟಕೋಳ ದಾಟಿದ ಮೇಲೆ ಗಾಳಿ ಎದುರಾಯಿತು. ಬೀರಪ್ಪ ಶಿವನಾಮ ಹೇಳುತ್ತ ಚಾರ್ಜಿನ ಮೀಟರ್ ನೋಡುವುದನ್ನೇ ಬಿಟ್ಟ. ಸೋಮವಾರ ಕಾರು ನಿಂತ ಜಾಗ ಬಂತು, ಹಿಂದೆ ಸರಿಯಿತು.

“ಎಷ್ಟೈತಿ, ಬೀರಪ್ಪಣ್ಣ?” ಹಿಂದಿನಿಂದ ಉಮಾಶ್ರೀ ಅಕ್ಕಾರು ಕೇಳಿದರು.

ಆಗ ನೋಡಿದ. “ಇನ್ನ ನೂರಕ್ಕ ಇಪ್ಪತ್ತೈದು ಐತ್ರಿ, ಅಕ್ಕಾರ.”

ಮನೆಯ ಮುಂದೆ ಅಜ್ಜಿಯ ಕಂಕುಳಿನಿಂದ ಕೂಸು ಕೈ ಚಾಚಿತು. ಅಕ್ಕಾರು ಅದನ್ನು ಎತ್ತಿಕೊಂಡು ತಿರುಗಿ, “ನಾಳಿ ಹೊತ್ತಿಗೆ ಸರಿಯಾಗಿ ಬರ್ರಿ,” ಎಂದರು.

ಬೆಳಕಿರುವಾಗಲೇ ಬೀರಪ್ಪ ಹಿತ್ತಲಿಗೆ ಬಂದ. ಶಟ್ಟೆವ್ವ ಎಮ್ಮೆ ಹಿಂಡುತ್ತಿದ್ದಳು. ಅವನು ನಾಲ್ಕೂ ಅಗಲ ಟೈರುಗಳನ್ನು ತಾಡಪತ್ರಿಯ ಮೇಲೆ ಹೇರಿ, ಬೀಸುಕಲ್ಲುಗಳನ್ನು ಒಂದೊಂದಾಗಿ ಇಳಿಸಿ ಧೂಳು ಒರೆಸಿದ. ಒಳಗೆ ಒಯ್ದು, ಅವು ಇದ್ದಲ್ಲೇ ಒಂದರ ಮೇಲೊಂದು ಕೂಡಿಸಿ, ಸದ್ದಾಗದಂತೆ ಬೀಸುವ ಗೂಟವನ್ನೂ ಸಿಕ್ಕಿಸಿಟ್ಟ.