ಬಾಗಿಲ ಮೇಲಿನ ಸೊಟ್ಟ ಬಳೆ

ಬಣ್ಣದ ವಾಸನೆ, ಹಸಿರು ಬಣ್ಣ, ಶಿರಾಕ್ಕೆ ಹುರಿಯುತ್ತಿದ್ದ ರವೆಯ ಘಮವನ್ನೂ ನುಂಗಿಬಿಟ್ಟಿದೆ, ಅಮೀರ್ ಡಬ್ಬಿಯ ಮುಚ್ಚಳ ತೆಗೆದೇಬಿಟ್ಟ, ಗಂಡ ಹೋದಮೇಲೆ ಈ ಮೈದುನನಿಗೆ ನನ್ನ ಮನೆಯ ಗೋಡೆ ಬಾಗಿಲೆಲ್ಲ ತನ್ನವೇ — ಈ ಕಡಿ ಸರಿ ಭಾಬಿ, ದೇವದುರ್ಗದವ್ರು ಹೆಣ್ಣು ನೋಡಾಕ ಬರೋದ್ರೊಳಗ ಒಂದು ಕೈ ಹೊಡೀತೀನಿ, ಏನದು ಹುಚ್ಚರಂಗ ಚುಕ್ಕಿ ಇಟ್ಟಾಳ ನಿನ್ನ ಮಗಳು — ಸರಿಯುವುದಿಲ್ಲ, ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೇನೆ, ರವೆ ಸೀದರೆ ಸೀಯಲಿ, ಆತಿಯಾ ಇಟ್ಟ ಚುಕ್ಕಿಗಳಿವು, ರಾಯಚೂರಿನಲ್ಲಿ ಗಣಿತದ ಎಂ.ಎಸ್ಸಿ. ಓದುವವಳು, ಪ್ರತಿ ಶುಕ್ರವಾರ ಮನೆಗೆ ಬಂದು, ಹಿತ್ತಲಲ್ಲಿ ನಾನು ಮಂಡಕ್ಕಿ ಹುರಿಯುವ ಮಂಡಾಳು ಭಟ್ಟಿಯ ಪಕ್ಕ ಕೂತು ಇರುವೆ ಎಣಿಸುತ್ತಾಳೆ, ಉದುರಿದ ಕಾಳಿಗೆ ಮೂರು ಜಾತಿಯವು ಬರುತ್ತವೆ, ಕರಿಯವು, ಕೆಂಪಿನವು, ಕಂಡೂ ಕಾಣದಷ್ಟು ಸಣ್ಣವು, ಕೆಂಪಿನವು ಕರಿಯವನ್ನು ಓಡಿಸುತ್ತವೆ, ಸಣ್ಣವು ಕೆಂಪಿನವನ್ನು, ಕರಿಯವು ಸಣ್ಣವನ್ನು, ಯಾವುದೂ ಪೂರ್ತಿ ಗೆಲ್ಲುವುದಿಲ್ಲ, ಬಾಗಿಲ ಮೇಲೆ ಜಾತಿಗೊಂದು ಮೂಲೆ, ಆ ವಾರ ಯಾವುದು ಹೆಚ್ಚೋ ಅದರ ಮೂಲೆಯ ಕಡೆಗೆ ಒಂದು ಚುಕ್ಕಿ, ಚುಕ್ಕಿಗಳು ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ಕೂಡಿದವು, ಸೊಟ್ಟ ಬಳೆಯ ಹಾಗೆ — ಎರಡೇ ಜಾತಿ ಇದ್ದಿದ್ರ ಈ ಲೆಕ್ಕದಾಗ ಸುತ್ತು ಹುಟ್ಟಂಗಿಲ್ಲ ಅಮ್ಮೀ, ಮೂರು ಬೇಕು — ಹೌದಲ್ಲ, ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಮಂಡಾಳು ಮಾರುವವರೂ ಮೂವರೇ, ನಾನು, ಜಂಬಣ್ಣ, ನಾಗರತ್ನಾ, ಒಬ್ಬರ ಗಿರಾಕಿಯನ್ನೊಬ್ಬರು ಎಳೆದುಕೊಂಡೇ ಬದುಕಿದ್ದೇವೆ ಅಂದೆ, ಬಿದ್ದು ಬಿದ್ದು ನಕ್ಕಳು.

ಸಂಬಂಧದ ಮಾತು ಶುರುವಾದ ವಾರ ಇದೇ ಅಮೀರ್ ಭಟ್ಟಿಯ ಸುತ್ತ ಇರುವೆ ಪುಡಿ ಚೆಲ್ಲಿದ, ಮುಗೀತು ನೋಡು ಎಣಿಸೋದು, ಮದುವಿ ಹುಡುಗಿ ಇರಿವಿ ಎಣಿಸ್ತಾಳಂದ್ರ ಮಂದಿ ನಗ್ತಾರ — ಅಳಲಿಲ್ಲ ನನ್ನ ಮಗಳು, ಉಳಿದಷ್ಟನ್ನೇ ಎಣಿಸಿದಳು, ಹೆಚ್ಚಿದ್ದ ಕೆಂಪಿನವೇ ಹೆಚ್ಚು ಸತ್ತು ಮೂರೂ ಹತ್ತಿರ ಹತ್ತಿರ ಸಮವಾಗಿದ್ದವು, ಚುಕ್ಕಿ ಬಳೆಯ ನಟ್ಟನಡುವೆ ಬಿತ್ತು, ಮುಂದಿನ ವಾರ ಒಂದಿಷ್ಟು ಹೊರಗೆ, ಆಮೇಲೆ ಇನ್ನಷ್ಟು, ಸುತ್ತುತ್ತಾ ತನ್ನ ದಾರಿ ಹುಡುಕಿಕೊಂಡು — ನೂಕಿದ್ರೂ ಹಳೇ ದಾರಿಗೆ ವಾಪಸ್ ಬರ್ತದೋ ಇಲ್ಲೋ, ಇದನ್ನ ನೋಡ್ಬೇಕಿತ್ತು ಅಮ್ಮೀ, ಚಾಚಾ ನೂಕಿ ಕೊಟ್ಟಾರ — ನನ್ನನ್ನೂ ಏಳನೇ ಇಯತ್ತೆಯಲ್ಲಿ ಶಾಲೆಯಿಂದ ನೂಕಿದ್ದರು, ವಾಪಸ್ ಬರುವ ದಾರಿಯನ್ನು ಯಾರೂ ಬಿಟ್ಟಿರಲಿಲ್ಲ, ದೇವದುರ್ಗದ ಹುಡುಗ ಒಳ್ಳೆಯವನೇ ಇರಬಹುದು, ಅವರ ಮಾತು ಒಂದೇ, ಓದು ಬಿಡಿಸಿ ಕೊಡ್ರಿ, ಕೊಡುವುದಿಲ್ಲ, ಬಣ್ಣ ಬಳಿಯೋದಿದ್ರ ನನ್ನ ಸೀರಿ ಮ್ಯಾಲ ಬಳಿ ಅಮೀರ್, ಹಸಿರು ನನಗ ಒಪ್ತದ — ಹಟ ಮಾಡಬ್ಯಾಡ ಭಾಬಿ, ಮಂದಿ ಬಂದ್ರು — ಹೌದು, ಆಟೋ ನಿಂತ ಸದ್ದು, ಚಪ್ಪಲಿ ಬಿಡುವ ಸದ್ದು, ಬರ್ರಿ, ಒಳಗ ಬರ್ರಿ, ಶಿರಾ ಸ್ವಲ್ಪ ಸೀದದ, ನಮ್ಮ ಹುಡುಗಿ ಓದು ಬಿಡಂಗಿಲ್ಲ, ಅದನ್ನ ಒಪ್ಪಿ ಕುಂದ್ರೋದಿದ್ರ ಕುಂದ್ರಿ, ಅಮೀರನ ಕುಂಚ ಕೈಯಲ್ಲೇ ಉಳಿದಿದೆ, ಹಸಿರು ಅವನ ಬೆರಳ ಮೇಲೆ ಇಳಿಯುತ್ತಿದೆ, ಇವತ್ತು ಶುಕ್ರವಾರ, ಹಿತ್ತಲಿಂದ ಆತಿಯಾ ಬಂದಳು, ಮೊಣಕಾಲಿಗೆ ಬೂದಿ, ಕೈಯಲ್ಲಿ ಸುಣ್ಣದ ಕಡ್ಡಿ, ಅಮ್ಮೀ, ಸ್ವಲ್ಪ ಸರಿ — ಅವಳಿಗೆ ಮಾತ್ರ ಸರಿದೆ, ನನ್ನ ಭುಜದ ಪಕ್ಕ ಅವಳ ಕೈ, ಸುಣ್ಣ ಮರಕ್ಕೆ ತಾಗಿದ ಸಣ್ಣ ಸದ್ದು, ಒಳಗಲ್ಲ, ಹೊರಗಲ್ಲ, ಬಳೆಯ ಮೇಲೆ, ಸರಿಯಾಗಿ ಬಳೆಯ ಮೇಲೆ, ಬಿಳಿ ಚುಕ್ಕಿ, ಆ ಬಿಳಿ ಚುಕ್ಕಿ —